ಕರಡು (೧)

ಮೊದಲು ಲ್ಯಾಪ್‌ಟಾಪ್ ಎಲ್ಲವನ್ನೂ ನುಂಗುತ್ತಿತ್ತು.
ಗ್ರುಜೋಂಜ್ ಸಂಗೀತಶಾಲೆಯ ಮೊಗಸಾಲೆಯಲ್ಲಿ ಕೂತು
ನಾನೊಮ್ಮೆ ತೆರೆದರೆ ಸಾಕು,
ಬಂದ ಇಮೇಲೆಲ್ಲ ಇಳಿದು ನನ್ನ ಚೀಲ ಸೇರುತ್ತಿತ್ತು.
ತೊರೂನಿನ ಅಂಗಡಿಯಲ್ಲಿ, ಮೇಜಿನ ಮೇಲಿನ ಹಳೇ ಕಂಪ್ಯೂಟರಿಗೆ
ಅದರ ನೆರಳೂ ಉಳಿಯುತ್ತಿರಲಿಲ್ಲ.

ಹೀಗೆ ಮೂರು ಪಿಯಾನೊ ಕೈತಪ್ಪಿದವು.
ದಂತವೈದ್ಯೆಯೊಬ್ಬಳು ಎರಡು ಸಲ ಬರೆದು, ಮೂರನೆಯ ಸಲ
ಫೋನು ಮಾಡಿ ಝೆಮೊವಿತನನ್ನು ಬಾಯಿಗೆ ಬಂದಂತೆ ಬೈದಳು.
"ನನಗೆ ಬಂದಿಲ್ಲ" ಅಂದ ಅವನು.
"ಬಂದಿದೆ, ನಾನು ಓದಿದ್ದೇನೆ" ಅಂದೆ ನಾನು.
ಇಬ್ಬರದೂ ನಿಜ. ಬೆಂಕಿಗೆ ಅದೇ ತುಪ್ಪ.

ಮಹಡಿಯ ಹುಡುಗಿ ಕಿಂಗಾ, ಎರಡು ತಿಂಗಳ ಬಾಡಿಗೆ ಬಾಕಿಯಿದ್ದವಳು,
ಒಂದು ಭಾನುವಾರ ಬಂದು ಕೂತಳು.
"ನಿಮ್ಮದು ಟಪಾಲಿನವನ ಕೈಯಿಂದ ಕಿತ್ತುಕೊಳ್ಳೋ ಪದ್ಧತಿ.
ಇನ್ನು ಮೇಲೆ ಕಾಗದ ಅಂಚೆಮನೆಯಲ್ಲೇ ಇರುತ್ತೆ,
ನೀವಿಬ್ಬರೂ ಎರಡು ಕಿಟಕಿಯಿಂದ ನೋಡೋದು, ಅಷ್ಟೆ.
ಇಲ್ಲಿ ಓದಿದರೆ ಅಲ್ಲೂ ಓದಿದ ಹಾಗೆ.
ಇಲ್ಲಿ ಅಳಿಸಿದರೆ..." ಅಂದು ಚಿಟಿಕೆ ಹೊಡೆದಳು.
ಝೆಮೊವಿತ್ ಅವಳಿಗೆ ಶುಂಠಿ ಬಿಸ್ಕತ್ತು ಕೊಟ್ಟ.
ಒಂದು ತಿಂಗಳ ಬಾಡಿಗೆಯನ್ನೂ ಬಿಟ್ಟ.

ಆಣೆಯಿಟ್ಟು ಹೇಳುತ್ತೇನೆ, ನಾನು ಮರೆತಿದ್ದೆ.
ಇಲ್ಲ, ಸುಳ್ಳು.
ಮರೆತು ಇಡಲು ಒಂದು ಜಾಗ ಇದೆಯೆಂದು ನಂಬಿದ್ದೆ.
ಆರು ತಿಂಗಳ ಹಿಂದೆ, ರೈಲಿನಲ್ಲಿ, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟು
ಗ್ದಾನ್ಸ್ಕ್‌ನ ಸಂಗೀತ ಸಭಾಂಗಣಕ್ಕೆ ಬರೆದು
ಕಳಿಸದೆ ಬಿಟ್ಟ ನಾಲ್ಕು ಸಾಲು:

    ಕೆಲಸ ಒಪ್ಪಿದ್ದೇನೆ.
    ಮಾರ್ಚ್‌ಗೆ ಬರುತ್ತೇನೆ.
    ಒಬ್ಬಳೇ.
    ಒಂದು ಕೋಣೆ ಸಾಕು.

ಭಾನುವಾರ ರಾತ್ರಿಯೆಲ್ಲ ಮೇಜಿನ ಕಂಪ್ಯೂಟರು
ಗೊರಗೊರ ಅನ್ನುತ್ತ ಒಂದೊಂದೇ ತುಂಬಿಕೊಂಡಿತು:
ತಂತಿಯ ರಸೀದಿ, ಫೆಲ್ಟ್ ಬಟ್ಟೆಯ ಲೆಕ್ಕ,
ಅವನ ತಂಗಿಯ ಎರಡನೇ ಮದುವೆಯ ಫೋಟೊ.
ಎಡಗಡೆ, ಕೆಳಗೆ, ಕರಡು. ಪಕ್ಕದಲ್ಲಿ ಒಂದು.
ನಾನು ಬಾಗಿಲಲ್ಲಿ ನಿಂತು ಅವನ ಬೆನ್ನು ನೋಡುತ್ತಿದ್ದೆ.
"ಸೂಪು ಆರುತ್ತಿದೆ" ಅಂದೆ.
"ಬಂದೆ" ಅಂದ.
ಬಂದ. ಕುಡಿದ. ಉಪ್ಪು ಕೇಳಿದ.

ನಿಮಗೆ ಗೊತ್ತಿರಲಿಕ್ಕಿಲ್ಲ, ಪಿಯಾನೊದ ಒಂದು ಸ್ವರಕ್ಕೆ ಮೂರು ತಂತಿ.
ಎರಡರ ಬಾಯಿಗೆ ಬಟ್ಟೆ ತುರುಕಿ, ಒಂದನ್ನು ಶ್ರುತಿ ಮಾಡಿ,
ಆಮೇಲೆ ಎರಡನೆಯದನ್ನು ಬಿಚ್ಚಿ ಮೊದಲಿನದಕ್ಕೆ ಕೂಡಿಸಬೇಕು.
ಕೂಡುವ ಮುಂಚೆ ಅಲೆ ಏಳುತ್ತದೆ, ವಂವ್ ವಂವ್ ವಂವ್,
ಹತ್ತಿರವಾದಷ್ಟೂ ನಿಧಾನ.
ಮೂವತ್ತು ವರ್ಷ ನನಗೆ ಅನ್ನ ಹಾಕಿದ ಸದ್ದು ಅದು.
ಆ ವಾರವೆಲ್ಲ ಮನೆಯಲ್ಲಿ ಅದೇ.
ಕೀಲಿಯನ್ನು ಯಾವ ಕಡೆ ತಿರುಗಿಸಬೇಕೋ ತಿಳಿಯಲಿಲ್ಲ.

ಗುರುವಾರ ಮತ್ತೆ ಗ್ರುಜೋಂಜ್. ಅದೇ ಮೊಗಸಾಲೆ.
ಒಳಗೆ ಯಾವುದೋ ಮಗು ಒಂದೇ ತಪ್ಪನ್ನು
ಬಹಳ ಶ್ರದ್ಧೆಯಿಂದ ನುಡಿಸುತ್ತಿತ್ತು.
ಅಳಿಸಿಬಿಡೋಣ ಎಂದು ಕರಡು ತೆರೆದೆ.
ಐದು ಸಾಲಿತ್ತು.

    ಒಂದು ಕೋಣೆ ಸಾಕು.
    ಕಿಟಕಿ ನೀರಿನ ಕಡೆಗಿರಲಿ, ಮುಚ್ಚಿದರೆ ಅವಳಿಗೆ ನಿದ್ದೆ ಬರುವುದಿಲ್ಲ.

ಅವಳಿಗೆ, ಅಂತ.
ನನ್ನ ಪತ್ರದಲ್ಲಿ ನಾನೇ ಅವಳು.

ಮುಚ್ಚಿದೆ. ಕೈ ತಡೆಯದೆ ಇನ್ನೊಮ್ಮೆ ತೆರೆದೆ.
ಅಷ್ಟರಲ್ಲಿ 'ನೀರಿನ ಕಡೆ' ಹೋಗಿ 'ಹೊಳೆಯ ಕಡೆ' ಆಗಿತ್ತು.
ಅಂದರೆ ಅರವತ್ತು ಕಿಲೊಮೀಟರ್ ಆಚೆ, ಈಗ, ಈ ಗಳಿಗೆ,
ಕನ್ನಡಕ ಹಣೆಗೇರಿಸಿ, ಎರಡೇ ಬೆರಳಲ್ಲಿ
ಅವನು ತಿದ್ದುತ್ತಿದ್ದಾನೆ.
ನಮ್ಮ ಅಂಗಡಿಯ ಹಿಂದೆ ಹರಿಯುವ ವಿಸ್ಟುಲಾನೇ
ಗ್ದಾನ್ಸ್ಕ್‌ಗೂ ಹೋಗುವುದು. ಅವನಿಗೆ ಅದು ಗೊತ್ತು.

ನಾನು ಮಾರ್ಚ್ ಅಳಿಸಿದೆ.
ಆ ಜಾಗಕ್ಕೆ ಬೇರೆ ತಿಂಗಳು ಹಾಕಲಿಲ್ಲ.
ಉಳಿಸಿ, ಕಾದೆ.

ಒಳಗಿನ ಮಗು ತಪ್ಪನ್ನು ದಾಟಿ ಮುಂದಕ್ಕೆ ಹೋಗಿತ್ತು,
ಇಲ್ಲವೆ ಟೀಚರು ಬಂದಿದ್ದರು.