ಏಳನೇ ಕಲಮು

ಕರಾರಿನಲ್ಲಿ ಹನ್ನೊಂದು ಕಲಮುಗಳು.
ಏಳನೆಯದು ಹೇಳುತ್ತದೆ: ಬರೆದವಳು
ತಾನು ಬರೆದೆನೆಂದು ಎಲ್ಲೂ, ಯಾರಿಗೂ,
ಅಮಲಿನಲ್ಲೂ ಹೇಳತಕ್ಕದ್ದಲ್ಲ.
‘ಅಮಲಿನಲ್ಲೂ’ ಅನ್ನುವುದು ನಾನು ಸೇರಿಸಿದ್ದು.
ವಕೀಲರ ವಾಕ್ಯ ಸಪ್ಪೆಯಾದರೆ
ನನ್ನ ಕೈ ಸುಮ್ಮನಿರುವುದಿಲ್ಲ.

ಎವಾರಿಸ್ತೊ ಪಿಂಚೇರಾ,
ಹತ್ತೊಂಬತ್ತು ವರ್ಷ ವಾಲ್ಪರೈಸೊ ಬಂದರಿನ
ಒಂದು ತಂಡದ ಗೋಲು ಕಾದವನು.
ಈಗ ಅರವತ್ತೊಂದು. ನೆಟ್ಟಗಿರುವ ಬೆರಳು ಒಂದೂ ಇಲ್ಲ.
ಕಾಫಿ ಲೋಟವನ್ನೂ ಎರಡು ಕೈಯಲ್ಲಿ ಎದೆಗವಚಿ ಹಿಡಿಯುತ್ತಾನೆ
ಯಾರೋ ದೂರದಿಂದ ಒದ್ದು ಕಳಿಸಿದ್ದಾರೆಂಬಂತೆ.

ಹದಿನಾಲ್ಕು ಮಂಗಳವಾರ ಅವನೆದುರು ಕೂತೆ,
ನಡುವೆ ರೆಕಾರ್ಡರು, ಕಿಟಕಿಯಾಚೆ ಮಂಜು, ಹಡಗಿನ ಕೂಗು.
ಪೆನಾಲ್ಟಿ ಕೇಳಿದರೆ ಹೇಳುತ್ತಾನೆ:
ಯಾವ ವರ್ಷ, ಯಾವ ಮೂಲೆ, ಒದ್ದವನ ಯಾವ ಕಾಲು.
ನಿಮ್ಮ ಅಪ್ಪ? ಅಂದರೆ
‘ಇದ್ದ.’
ಮನೆ?
‘ಇತ್ತು.’
ಈ ಎರಡು ಪದದಿಂದ ಪ್ರಕಾಶಕಿಗೆ ಒಂದು ಅಧ್ಯಾಯ ಬೇಕಿತ್ತು,
ಹದಿನೆಂಟು ಪುಟ, ಓದುವವರ ಕಣ್ಣು ತೇವವಾಗುವಂಥದ್ದು.

ಕೊಟ್ಟೆ.
ನನ್ನಪ್ಪನನ್ನೇ ಕೊಟ್ಟೆ.
ಬೇರೆ ಅಪ್ಪ ನನ್ನಲ್ಲಿ ದಾಸ್ತಾನಿರಲಿಲ್ಲ.

ಗುಡ್ಡ ಹತ್ತುವ ಮರದ ಗಾಡಿಯ ಬ್ರೇಕು ಹಿಡಿದವನು ಅವನು,
ಕೆಳಗಿಂದ ಮೇಲೆ, ಮೇಲಿಂದ ಕೆಳಗೆ,
ಮೂವತ್ತು ವರ್ಷ ದಿನವಿಡೀ ಪ್ರಯಾಣ ಮಾಡಿ
ಎಲ್ಲಿಗೂ ಹೋಗದವನು.
ಜನ ಮರೆತ ಗವಸುಗಳನ್ನು ಒಂದು ತಿಂಗಳು ಮೊಳೆಗೆ ತೂಗಿಟ್ಟು
ಯಾರೂ ಕೇಳದಿದ್ದರೆ ಮನೆಗೆ ತರುತ್ತಿದ್ದ.
ಎರಡನ್ನೂ ಮರೆಯುವವರುಂಟೆ? ಎಲ್ಲವೂ ಒಂಟಿ.
ನಾನು ಶಾಲೆಗೆ ಹೋದದ್ದು
ಎಡಗೈಗೆ ಯಾವುದೋ ಮಗುವಿನ ಕೆಂಪು ಉಣ್ಣೆ,
ಬಲಗೈಗೆ ಯಾವಳೋ ಶ್ರೀಮಂತೆಯ ಕರಿ ತೊಗಲು ತೊಟ್ಟು.

ಪುಸ್ತಕದಲ್ಲಿ ಅವು ಎವಾರಿಸ್ತೊನ ಮೊದಲ ಗವಸುಗಳು.
ಒಂಬತ್ತರ ಹುಡುಗ, ಓಣಿಯಲ್ಲಿ ಎರಡು ಕಲ್ಲುಗಳ ನಡುವೆ,
ಒಂದು ಕೈ ಕೆಂಪು, ಒಂದು ಕೈ ಕಪ್ಪು.
ಚೆಂಡು ಬರುತ್ತದೆ, ಹಿಡಿಯುತ್ತಾನೆ.
ನಾನು ಜನ್ಮದಲ್ಲಿ ಚೆಂಡು ಹಿಡಿದವಳಲ್ಲ.
ಅವತ್ತು ಮಾತ್ರ, ಬರೆಯುವಾಗ, ಅಂಗೈ ಚುರುಗುಟ್ಟಿತು.

ಅವನು ಹಸ್ತಪ್ರತಿ ಓದಿ ಏನೂ ಅನ್ನಲಿಲ್ಲ.
ಒಂದು ಕಾಗುಣಿತ ತಿದ್ದಿದ, ಅದೂ ತಪ್ಪಾಗಿ.
ಅಪ್ಪನಿಗೆ ಮೂರು ಕಂತಿನಲ್ಲಿ ಹಣ ಬಂತು.
ಮೊದಲ ಕಂತು ಬಾಡಿಗೆಗೆ, ಎರಡನೆಯದು ಹಲ್ಲಿಗೆ.
(ಅಮ್ಮ ಇನ್ನೂ ಖರ್ಚಾಗಿಲ್ಲ.
ಮೀನು ಡಬ್ಬಿ ಕಾರ್ಖಾನೆಯ ವಿಧವೆಯೊಬ್ಬಳು
ಮೊನ್ನೆಯಷ್ಟೇ ವಿಚಾರಿಸಿದ್ದಾಳೆ.)

ಬಿಡುಗಡೆಯ ಸಂಜೆ ಪುರಭವನದ ಎಂಟನೇ ಸಾಲಿನಲ್ಲಿ ನಾನು.
ಕಲಮು ನನ್ನದು, ಏಳನೇ ಕಲಮು ಅವರದು,
ಮುಖಪುಟದ ಅಂಕಿತ ಅವನದು.
ಗವಸಿನ ಪುಟ ಓದುತ್ತಾ ನಿಂತ.
ಕನ್ನಡಕ ತೆಗೆದ. ಪುಸ್ತಕ ಮುಚ್ಚಿದ.
‘ಕೊಡುವ ಮುಂಚೆ ಅಪ್ಪ ಅದರೊಳಗೆ ಊದುತ್ತಿದ್ದ’ ಅಂದ,
‘ಐದು ಬೆರಳೂ ಎದ್ದು ನಿಲ್ಲುವವರೆಗೆ.
ಆಮೇಲೆ ಬಾಯಿ ಬಿಗಿ ಹಿಡಿದು,
ಬೇಗ ಕೈ ಹಾಕು, ಆರಿಹೋಗತ್ತೆ, ಅನ್ನುತ್ತಿದ್ದ.’

ಸಭೆ ಮೂಗೊರೆಸಿಕೊಂಡಿತು.
ನಾನು ಪುಟ ತಿರುವಿದೆ, ಮುಂದೆ, ಹಿಂದೆ.
ಅದು ಪುಸ್ತಕದಲ್ಲಿಲ್ಲ.
ಮನೆಗೆ ಬಂದು ಹದಿನಾಲ್ಕು ಮಂಗಳವಾರ ಕೇಳಿದೆ.
ಧ್ವನಿಯಲ್ಲೂ ಇಲ್ಲ.
ಸುಳ್ಳನ್ನು ನನಗಿಂತ ಚೆನ್ನಾಗಿ ಹೇಳಿದ ಅಂತ
ಮೊದಲು ಹೊಟ್ಟೆಕಿಚ್ಚು, ನಿಜ ಹೇಳಬೇಕೆಂದರೆ.

ರಾತ್ರಿ ಒಂದಕ್ಕೆ ಅಕ್ಕನಿಗೆ ಫೋನು ಮಾಡಿದೆ.
ನೆಲಿದಾ, ಅಪ್ಪ ಆ ಗವಸುಗಳಲ್ಲಿ ಊದುತ್ತಿದ್ದನೇನೇ?
ಬಹಳ ಹೊತ್ತು ಏನೂ ಇಲ್ಲ. ಆಮೇಲೆ,
‘ಊದುತ್ತಿದ್ದ.
ನೀನು ಆಗಿನ್ನೂ ಚಿಕ್ಕವಳು, ನಿನಗೆ ನೆನಪಿರಲಿಕ್ಕಿಲ್ಲ.
ಯಾರು ಹೇಳಿದರು ನಿನಗೆ?’

ಏಳನೇ ಕಲಮು.
ಸುಮ್ಮನಿದ್ದೆ.
ಅಂತೊಫಗಾಸ್ತಾದಿಂದ ಅವಳ ಉಸಿರು ಕೇಳುತ್ತಿತ್ತು.