ಹೆಪ್ಪು

ಕಾರಂಜಿಕಟ್ಟೆಯ ಬಾಡಿಗೆ ಮನೆಗೆ ಸಾಮಾನು ಇಳಿದ ದಿನ
ಹಾಲು ಉಕ್ಕಿಸುವುದಕ್ಕೂ ಮೊದಲೇ
ಟ್ರಂಕಿನ ತಳದಿಂದ ಅವಳು ತೆಗೆದದ್ದು
ಹಳೇ ರಗ್ಗಿನಲ್ಲಿ ಸುತ್ತಿದ ಸ್ಕೇಟು.
ಅಲಗಿಗೆ ಕೊಬ್ಬರಿ ಎಣ್ಣೆ ಸವರಿ
ದೇವರ ಗೂಡಿನ ಕೆಳಗಿಟ್ಟಳು.
ಅತ್ತೆ ನೋಡಿ, ಇದೇನೇ ಈಳಿಗೆ, ಅದೂ ಎರಡೆರಡು, ಅಂದರು.

ಇವರು ಹದಿನಾರು ವರ್ಷ ಲಡಾಖಿನ ರಸ್ತೆಗಳಲ್ಲಿ
ಹಿಮ ತಳ್ಳುವ ಡೋಜರು ಓಡಿಸಿದವರು.
ಹುಡುಗಿ ನಡೆಯಲು ಕಲಿತದ್ದು, ಜಾರಲು ಕಲಿತದ್ದು ಅಲ್ಲೇ,
ಯಾವುದು ಮೊದಲೋ ನನಗೆ ನೆನಪಿಲ್ಲ.
ಹೇಮಲತಾ ಅಂತ ನಾವಿಟ್ಟ ಹೆಸರನ್ನು
ಅಲ್ಲಿಯ ಶಾಲೆಯ ಗುಮಾಸ್ತ ಹಿಮಲತಾ ಎಂದು ಬರೆದ.
ಟೀಸಿಯಲ್ಲಿ ಇಂದಿಗೂ ಹಾಗೇ ಇದೆ.
ತಿದ್ದಿಸಲು ಅಫಿಡವಿಟ್ಟು ಬೇಕಂತೆ. ಇರಲಿ ಬಿಡಿ.

ಚಳಿಗಾಲದ ಸಂಜೆ ಅಲ್ಲಿ, ತಾಯಂದಿರೆಲ್ಲ ಸೇರಿ,
ಬಕೆಟ್ಟಲ್ಲಿ ಕೆರೆಯಂಗಳಕ್ಕೆ ನೀರು ಚೆಲ್ಲಿ ಬರುತ್ತಿದ್ದೆವು.
ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟ ಹಾಗೆ,
ಬೆಳಗ್ಗೆ ಎದ್ದರೆ ಗಟ್ಟಿ, ಮುಖ ಕಾಣುವಷ್ಟು ನಯ.
ಅದರ ಮೇಲೆ ಹನ್ನೊಂದು ಹುಡುಗಿಯರು ಕೋಲು ಹಿಡಿದು
ಗಾಳಿಯನ್ನೇ ಗೀರುತ್ತ ಹೋಗುವ ಸದ್ದು.
ಇಲ್ಲಿ ಎಳನೀರು ಕೆತ್ತುವವನ ಹತ್ತಿರ ಒಮ್ಮೆ ನಿಂತು
ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು.

ಕ್ಲಬ್ಬು ಹುಡುಕಲು ಹೊರಟೆವು.
ಕ್ರೀಡಾಂಗಣದ ಕೋಚು ಒಳ್ಳೆಯವರೇ.
ಹಾಕಿ ಅಂದರೆ ಹಾಕಿಯೇ ಅಮ್ಮ, ಮಣ್ಣೋ ಮಂಜೋ, ಅಂದರು.
ಹುಡುಗಿಯರು ಎಷ್ಟು ಜನ? ಸೇರಿದರೆ ಇವಳೇ ಮೊದಲು.
ಶೌಚಾಲಯದ ಬೀಗದ ಕೈ ಕಾವಲುಗಾರನ ಹತ್ತಿರ,
ಅವನು ಊಟಕ್ಕೆ ಹೋಗಿದ್ದ.
ಟಮಕದ ಹೊಸ ಬಡಾವಣೆಯಲ್ಲೊಂದು ಸ್ಕೇಟಿಂಗ್ ಶಾಲೆ:
ಗುಲಾಬಿ ಹೆಲ್ಮೆಟ್ಟು, ಪದಕದ ದುಡ್ಡು ಮುಂಗಡ,
ಕೋಲು ಮಾತ್ರ ಗಂಡುಮಕ್ಕಳ ಬ್ಯಾಚಿಗೆ.
ಬೆಂಗಳೂರಿನ ಮಾಲೊಂದರಲ್ಲಿ ನಿಜವಾದ ಐಸು ಇದೆ ಎಂದರು ಯಾರೋ.
ಹೋದೆವು. ಕಲ್ಯಾಣ ಮಂಟಪದ ಊಟದ ಮನೆಯಷ್ಟು ಜಾಗ,
ಒಂದು ಗಂಟೆಯ ದರಕ್ಕೆ ನಮ್ಮನೆಗೆ ವಾರದ ತರಕಾರಿ ಬರುತ್ತದೆ.
ಎರಡು ಸುತ್ತು ಹೊಡೆದು ಅವಳು ತಾನೇ ಹೊರಬಂದಳು.
ಇದಕ್ಕೆ ಆಕಾಶ ಇಲ್ಲಮ್ಮ, ಅಂದಳು.

ಕೊನೆಗೆ ಟೊಮ್ಯಾಟೊ ಮಾರುಕಟ್ಟೆ.
ಸುಗ್ಗಿ ಇಳಿದ ತಿಂಗಳು, ಹರಾಜಿನ ಶೆಡ್ಡು ಮುಕ್ಕಾಲು ಖಾಲಿ,
ಸಾವಿರಾರು ಕ್ರೇಟು ಎಳೆದೆಳೆದು ನುಣ್ಣಗಾದ ಸಿಮೆಂಟು.
ಕೆಜಿಎಫ್‌ನಿಂದ ಬಸ್ಸಲ್ಲಿ ಬರುವ ಸ್ಟೆಲ್ಲಾ ಟೀಚರು,
ಕೊರಳಲ್ಲಿ ಶಿಲುಬೆ, ಸೀಟಿ, ಒಂದೇ ದಾರದಲ್ಲಿ.
ಚಕ್ರದ ಬೂಟು ಆರು ಜೊತೆ, ಹುಡುಗಿಯರು ಒಂಬತ್ತು.
ಗೋಲು ಅಂದರೆ ಮಗುಚಿದ ಕ್ರೇಟು,
ಚೆಂಡು ಅಂದರೆ ಲಾರಿ ಟೈರಿನಿಂದ ಕೊಯ್ದ ಬಿಲ್ಲೆ.

ನಾನು ಪ್ರಮಾಣಪತ್ರ ಕೇಳಲಿಲ್ಲ. ಬಾತ್ರೂಮು ಎಲ್ಲಿ ಎಂದೆ.
ಟೀಚರು ಕರೆದೊಯ್ದು ತೋರಿಸಿದರು:
ಹಮಾಲರ ಕಕ್ಕಸು, ತೊಳೆದು ಸುಣ್ಣ ಬಳಿದದ್ದು,
ಒಳಗಡೆ ಹೊಸ ಚಿಲಕ, ಸ್ಕ್ರೂ ಇನ್ನೂ ಹೊಳೆಯುತ್ತಿತ್ತು.
ಇದನ್ನು ಹಾಕಿಸಿದ ಮೇಲೇ ಕ್ಲಬ್ಬು ಶುರು ಮಾಡಿದ್ದು, ಅಂದರು.
ಅಷ್ಟರಲ್ಲಿ ಫರ್ಹೀನ್ ಎಂಬ ಎತ್ತರದ ಹುಡುಗಿ ದೊಪ್ಪನೆ ಬಿದ್ದಳು.
ಯಾರೂ ನಗಲಿಲ್ಲ. ಆಮೇಲೆ ಅವಳೇ ನಕ್ಕಳು. ಆಮೇಲೆ ಎಲ್ಲರೂ.
ಅಲ್ಲೇ ತಿಂಗಳ ಶುಲ್ಕ ಕೊಟ್ಟೆ.

ಸಂಜೆ ಇಬ್ಬರು ಹೆಂಗಸರು ಪೈಪು ಹಿಡಿದು
ನೆಲಕ್ಕಂಟಿದ ಹಣ್ಣಿನ ರಸ ತೊಳೆಯುತ್ತಿದ್ದರು.
ಅಂತರಗಂಗೆ ಬೆಟ್ಟದ ಕಡೆಯಿಂದ ಕತ್ತಲು ಬರುತ್ತಿತ್ತು.
ನೀರು ಹರಡಿ, ಹರಡಿ, ಕನ್ನಡಿಯಾಗಿ ನಿಂತಾಗ
ಅವಳು ನನ್ನ ಸೆರಗು ಜಗ್ಗಿದಳು:
ಬೆಳಗ್ಗೆ ಹೊತ್ತಿಗೆ ಗಟ್ಟಿಯಾಗುತ್ತಾ ಅಮ್ಮ?
ಇಲ್ಲ ಅನ್ನಲು ಬಾಯಿ ತೆರೆದವಳು
ಯಾಕೋ, ನೋಡೋಣ, ಅಂದುಬಿಟ್ಟೆ.

ಮೊದಲ ದಿನ ಆಡಿ ಬಂದಾಗ ಎರಡು ಮಂಡಿಯೂ ಕೆಂಪು.
ಇದು ಯಾವ ಮಂಡಿಯ ಕೆಂಪೋ ಎಂದು ನಾನು ಗಾಬರಿಯಲ್ಲಿ ಬಗ್ಗಿದರೆ
ಬೆರಳಲ್ಲಿ ಒರೆಸಿ ನಾಲಿಗೆಗಿಟ್ಟು
ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು:
ಒಂದು ಹುಳಿ. ಇನ್ನೊಂದು ಉಪ್ಪು.