ನಿವ್ವಳ

ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ, ದಾಲ್ ಮಿಲ್ಲಿನ ಗೇಟಿಗೆ
ಕಾಟಾ ಮ್ಯಾಲ ಲಾರಿ ಹತ್ತಿಸಿ ಇಳಿಸೋದು ನನ್ನ ಕೆಲಸ.
ತುಂಬಿದ ಗಾಡಿ ಬರತದ, ಬರಕೋತೀನಿ.
ತೊಗರಿ ಇಳಿಸಿ ಖಾಲಿ ಗಾಡಿ ಬರತದ, ಬರಕೋತೀನಿ.
ಒಂದರಾಗ ಒಂದು ಕಳದರ ನಿವ್ವಳ.
ಹದಿನಾಲ್ಕು ವರ್ಷಾತು,
ಕಳೆಯೋದರಾಗ ಒಮ್ಮಿನೂ ತಪ್ಪಿಲ್ಲ ನಾನು.

ಶ್ರಾವಣದಾಗ ಡಾಕ್ಟರ್ ಅಂದ್ರು:
ಎಪ್ಪತ್ನಾಕು ಕೆ.ಜಿ. ಅದೀರಿ, ಮೊಣಕಾಲು ಸುಮ್ಮ ಬಿಡಾಂಗಿಲ್ಲ.
ಅಂದಿನಿಂದ ರಸೀದಿ ಬುಕ್ಕಿನ ಹಿಂದ ನಂದೂ ಒಂದು ಲೆಕ್ಕ.
ರೊಟ್ಟಿ ಒಂದು, ನೂರಾ ಇಪ್ಪತ್ತು ಕ್ಯಾಲೊರಿ.
ಶೇಂಗಾ ಹಿಂಡಿ ಒಂದು ಚಮಚ, ಅರವತ್ತು.
ನಮ್ಮ ಮನ್ಯಾಗ ಹಿಂಡಿಗೆ ಚಮಚ ಹಾಕಿದ್ದು ಅವತ್ತೇ ಮೊದಲು.
ಮೊಬೈಲಿನಾಗ ಪುಂಡಿಪಲ್ಯ ಅಂತ ಹೊಡದ್ರ
ಪುಡಿಂಗ್ ಅಂತೀರೇನು? ಅಂತ ಕೇಳತದ.
ಇಲ್ಲ ಮಾರಾಯಾ, ಹುಳಿ ಸೊಪ್ಪು, ಜ್ವಾಳದ ನುಚ್ಚು,
ಮ್ಯಾಲ ಬಳ್ಳೊಳ್ಳಿ ಒಗ್ಗರಣಿ.
ರುಚಿ ನನಗ ಗೊತ್ತದ, ಅಂಕಿ ಗೊತ್ತಿಲ್ಲ.
ಅಂಕಿ ಗೊತ್ತಿಲ್ಲದ್ದು ಬಿಟ್ಟು ಬಿಸ್ಕೀಟು ತಿಂದೆ,
ಪಾಕೀಟಿನ ಮ್ಯಾಲ ಚಂದಾಗಿ ಬರದಿತ್ತು.

ಖಾಜಾಬಿ ನಗತಾಳ.
ತೊಗರಿ ಹಸನು ಮಾಡೋ ಹೆಣ್ಣುಮಗಳು, ಮಧ್ಯಾಹ್ನ
ಚೀಲದ ನೆರಳಿಗೆ ಕುಂತು ಡಬ್ಬಿ ಬಿಚ್ಚಿದಳಂದ್ರ
ತಹರಿ ಮುಗಿಯೋತನ ಕಣ್ಣೆತ್ತಾಂಗಿಲ್ಲ.
"ಹೊಟ್ಟಿ ಸಾಕು ಅಂತದಲ್ಲ ಬಾಯಿ, ಆಗ ಬಿಡೂದು.
ಅದರ ಮಾತು ಬಿಟ್ಟು ಮಶೀನಿನ ಮಾತು ಕೇಳ್ತಿ."

ಹ್ಯಾಂಗ ಕೇಳಲಿ? ನನ್ನ ಹೊಟ್ಟಿ ಮಾತಾಡೋದು ಬಿಟ್ಟು
ಭಾಳ ವರ್ಷಾತು.
ಜೇವರ್ಗಿಯಿಂದ ಮದಿವ್ಯಾಗಿ ಬಂದ ವರ್ಷ
ಬುಟ್ಟಿ ಮುಚ್ಚೋ ಮುಂದ ಅತ್ತಿ ರೊಟ್ಟಿ ಎಣಿಸ್ತಿದ್ಳು.
ತುಟಿ ಅಲುಗಾಡ್ತಿತ್ತು, ದನಿ ಬರ್ತಿರಲಿಲ್ಲ.
ಮೂರನೇದು ಮುರದಾಗ ಗಂಡ ತನ್ನ ತಾಟು ನೋಡಿದ.
ಉಣ್ಣೋರ ರೊಟ್ಟಿ ಎಣಿಸಬಾರದು, ದಿಟ್ಟಿ ತಾಗತದ
ಅಂತಿದ್ಳು ನಮ್ಮವ್ವ, ತವರಿನ್ಯಾಗ.
ಈಗ ಅತ್ತಿ ಇಲ್ಲ. ಬುಟ್ಟಿ ನನ್ನ ಕೈಯಾಗ.
ಅಲುಗಾಡೋ ತುಟಿ ನಂದೇ.

ಖಾಜಾಬಿ ಎಣಿಸಾಂಗಿಲ್ಲ ಅಂತಲ್ಲ.
ಆಕಿ ಚೀಲ ಎಣಿಸತಾಳ, ಚೀಲಕ್ಕ ಇಷ್ಟು ಅಂತ ಕೂಲಿ.
ನಾಕು ಚೀಲ ಆದ ದಿನ ತಹರಿ,
ಎರಡೇ ಆದ ದಿನ ಚಹಾ ಬನ್ನು.
ಇದನ್ನೇ ನಾನು
ಮನಸ್ಸಿಗೆ ಬಂದಂಗ ಉಣ್ಣೋದು ಅಂತ ತಿಳಕೊಂಡಿದ್ದೆ.

ಹೋದ ಶನಿವಾರ ಗಾಡಿ ಇರಲಿಲ್ಲ, ಹೊಸ ತೊಗರಿ ಇನ್ನೂ ಹೊಲದಾಗ.
ಚಪ್ಪಲಿ ಬಿಟ್ಟು
ಅರವತ್ತು ಟನ್ನಿನ ಕಾಟಾ ಮ್ಯಾಲ ನಾನೇ ಹೋಗಿ ನಿಂತೆ.
ಕಬ್ಬಿಣ ಬಿಸಿ ಇತ್ತು. ಮ್ಯಾಲ ಕೆಂಪು ಬೋರ್ಡು:
ಏಳು, ಅದರ ಮುಂದ ಸೊನ್ನಿ.
ಎಪ್ಪತ್ತು! ಖಾಜಾಬಿ, ಎಪ್ಪತ್ತು!
ಕೂಗಿದ ಮ್ಯಾಲ ನೆನಪಾತು,
ಈ ಕಾಟಾ ಹತ್ತು ಹತ್ತು ಕೆ.ಜಿ.ಗೆ ಒಮ್ಮೆ ಕಣ್ಣು ತೆರಿತದ,
ಎಪ್ಪತ್ನಾಕೂ ಅದಕ್ಕ ಎಪ್ಪತ್ತೇ.
ನಾಕು ತಿಂಗಳಿನ ಚಮಚ, ಬಿಟ್ಟ ಮೂರನೇ ರೊಟ್ಟಿ,
ಕದ್ದು ತಿಂದ ಒಂದು ಮಾಲಪುರಿ
ಒಂದೂ ಅದರ ಲೆಕ್ಕಕ್ಕ ಬರಾಂಗಿಲ್ಲ.

ಖಾಜಾಬಿನೂ ಹತ್ತಿದಳು, ಡಬ್ಬಿ ಸಮೇತ.
ನೂರಾ ಮೂವತ್ತು.
ಇದರಾಗ ನಂದೆಷ್ಟು, ಆಕಿದೆಷ್ಟು, ಡಬ್ಬಿದೆಷ್ಟು
ಕಳೆಯಾಕ ಹೋಗಲಿಲ್ಲ.
ಅಲ್ಲೇ ಕುಂತು ಉಂಡ್ವಿ.
ಡಬ್ಬಿಯಾಗಿಂದ ಹೊಟ್ಟಿಗೆ ಹೋದದ್ದು ಬೋರ್ಡಿಗೆ ಗೊತ್ತೇ ಆಗಲಿಲ್ಲ,
ನೂರಾ ಮೂವತ್ತು ನೂರಾ ಮೂವತ್ತೇ ಇತ್ತು.
ಯಾವಾಗ ಸಾಕಾತು ಅಂತ ಕಿವಿಗೊಟ್ಟೆ.
ಏನೋ ಅಂದಂಗಾತು. ಖಾತ್ರಿ ಇಲ್ಲ.

ಮೊಣಕಾಲು ಇನ್ನೂ ನೋಯತದ, ಸುಳ್ಳು ಯಾಕ ಹೇಳಲಿ.
ರಾತ್ರಿ ಮೊಬೈಲು ಕೇಳಿತು: ಊಟ ಏನು?
ಪುಂಡಿಪಲ್ಯ ಅಂತ ಹೊಡದೆ.
ಪುಡಿಂಗ್ ಅಂತೀರೇನು?
ಹೂಂ ಅಂತ ಒತ್ತಿ
ಇನ್ನೊಂದು ರೊಟ್ಟಿ ಮುರದೆ.